ಹಿಪ್ಪುನೇರಳೆ ಸಿಹಿಯಾದ ವರ್ಷ

“ನಾನು ಮರ ಸಾಯಿಸಿಲ್ಲ. ಸಾಯಿಸಿದೆ, ತಪ್ಪಾಯ್ತು ಅಂತ ಬರೆದುಕೊಡೋದೂ ಇಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ ಅಂತ ಅವರ ಮುಖಕ್ಕೇ ಹೇಳಿ ಬಂದಿದೀನಿ, ಟೀಚರ್!”

ನಮ್ಮ ಮನೆ ಬಾಗಿಲಲ್ಲಿ ನಿಂತು ಹೀಗೆಂದ ಇಸ್ತ್ರಿಯಕ್ಕನ ದನಿ ಒಂದಿಷ್ಟೂ ನಡುಗಲಿಲ್ಲ. ಅಲ್ಲೇ ಅವಳು ನನಗೆ ಇಷ್ಟವಾದಳು. ಬಸ್ಸಿನಲ್ಲಿ ಟಿಕೆಟ್ ಹರಿದೂ ಹರಿದೂ ನಿವೃತ್ತಳಾದವಳು ನಾನು. ತಪ್ಪಿಲ್ಲದವರ ಕೈಲಿ ಕ್ಷಮೆ ಕೇಳಿಸುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಅವಳು ಹುಡುಕಿಕೊಂಡು ಬಂದಿದ್ದು ನನ್ನನ್ನಲ್ಲ, ನನ್ನ ಅತ್ತಿಗೆಯನ್ನು. ಅತ್ತಿಗೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಅಣ್ಣ ಹೋದಮೇಲೆ ಮೂರನೇ ಮಹಡಿಯ ಮನೆಯಲ್ಲಿ ನಾವಿಬ್ಬರೇ. ಕಟ್ಟಡದಲ್ಲಿ ಏನು ಕಳುವಾದರೂ, ಯಾರ ಮೇಲೆ ಸುಳ್ಳು ಅಪವಾದ ಬಂದರೂ ಜನ ಅವರ ಹತ್ತಿರವೇ ಓಡಿಬರುತ್ತಿದ್ದರು. ಬೆನ್ನಹಿಂದೆ ಅವರನ್ನು ಭೂತಗನ್ನಡಿ ಎನ್ನುತ್ತಿದ್ದರು. ಅದು ಗೊತ್ತಿದ್ದೂ ಅತ್ತಿಗೆ ಭೂತಗನ್ನಡಿಯನ್ನು ಕೊರಳಿಗೇ ನೇತುಹಾಕಿಕೊಂಡು ಓಡಾಡುತ್ತಿದ್ದರು.

ವಿಷಯ ಇಷ್ಟು. ನಮ್ಮ ಅಂಗಳದ ದೊಡ್ಡ ಹಿಪ್ಪುನೇರಳೆ ಮರ ಈ ಸಲ ಸರಿಯಾಗಿ ಚಿಗುರಲಿಲ್ಲ. ಬಂದ ಎಲೆಗಳೂ ಸಣ್ಣಗೆ, ಹಳದಿಯಾಗಿ ಉದುರಿದವು. ಮರದ ಮಗ್ಗುಲಲ್ಲೇ ಇಸ್ತ್ರಿಯಕ್ಕ ಬಟ್ಟೆ ಒಗೆದು ಇಸ್ತ್ರಿ ಮಾಡುವ ಶೆಡ್ಡು. ಬಟ್ಟೆ ಒಗೆದ ಸೋಡಾ ನೀರನ್ನು ಬುಡಕ್ಕೆ ಸುರಿದು ಇವಳೇ ಮರ ಕೊಂದಳು ಎಂದು ನಿವಾಸಿಗಳ ಸಂಘ ತೀರ್ಮಾನಿಸಿತ್ತು. ತಪ್ಪೊಪ್ಪಿಕೊಂಡರೆ ಗೋದಾಮಿನ ಹಿಂದೆ ಒಂದು ಮೂಲೆ ಕೊಡುತ್ತಾರಂತೆ. ಇಲ್ಲದಿದ್ದರೆ ಭಾನುವಾರ ಮರವೂ ಹೋಗುತ್ತದೆ, ಶೆಡ್ಡೂ ಹೋಗುತ್ತದೆ.

“ನೀರು ಸುರೀತಿದ್ದಿದ್ದು ನಿಜಾನಾ?” ಎಂದರು ಅತ್ತಿಗೆ.

“ಕೊನೇ ಸಲ ಜಾಲಿಸಿದ ನೀರು ಹಾಕ್ತಿದ್ದೆ. ಸೋಡಾ ನೀರು ಚರಂಡಿಗೇ. ಆದ್ರೆ ನನ್ನ ಮಾತು ನಂಬೋರು ಯಾರು?”

“ಮರವನ್ನೇ ಕೇಳೋಣ. ಏಳೇ, ಕಂಡಕ್ಟ್ರೇ.”

ಅಂಗಳದಲ್ಲಿ ಅತ್ತಿಗೆ ಮೊದಲು ಉದುರಿದ ಎಲೆಗಳನ್ನು ಒಂದೊಂದಾಗಿ ಕನ್ನಡಿಯ ಕೆಳಗೆ ಹಿಡಿದರು. ಎಲೆಯಿಡೀ ಒಂದೇ ಸಮ ಹಳದಿ. ಅಂಚು ಎಲ್ಲೂ ಸುಟ್ಟಿರಲಿಲ್ಲ. ಆಮೇಲೆ ಬಗ್ಗಿ ಬುಡ ನೋಡಿದರು. ಶೆಡ್ಡಿನ ಕಡೆ ಬೆಂಚಿನ ಕೆಳಗಿಂದ ನಾಲ್ಕಾರು ಎಳೆಯ ಕವಲುಗಳು ಎದ್ದು, ದಟ್ಟ ಹಸಿರೆಲೆ ಬಿಟ್ಟುಕೊಂಡು ನಿಂತಿದ್ದವು.

“ಇವನ್ನ ಕತ್ತರಿಸು ಅಂತ ಅಧ್ಯಕ್ಷರು ಎಷ್ಟು ಸಲ ಹೇಳಿದ್ರೋ! ನಾನು ಕೈ ಹಚ್ಚಲಿಲ್ಲ,” ಎಂದಳು ಇಸ್ತ್ರಿಯಕ್ಕ. “ಚಿಗುರು ಕೀಳೋಕೆ ಮನಸ್ಸು ಬರಲ್ಲ. ಅದೇನು ಅವರಪ್ಪನ ಗಂಟಾ?”

ಒಂದೆಲೆ ಕಿತ್ತೆ, ಹಾಲು ಜಿನುಗಿ ಬೆರಳು ಅಂಟಂಟಾಯಿತು. ಒರೆಸಿಕೊಳ್ಳುತ್ತ ಬೆಂಚಿನ ಮೇಲೆ ಕೂತೆ. ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಹೋದ ವರ್ಷ, ಮರ ಚಿಗುರುವ ಮುಂಚೆ, ತಾವೇ ಮಾಡಿಸಿಕೊಟ್ಟ ಬೆಂಚು ಅದು. ಕಾಂಡದ ಸುತ್ತ ಕೂರುವ ಜಾಗ, ಒರಗಲು ಕಾಂಡಕ್ಕೆ ಒತ್ತಿಕೊಂಡ ಹಲಗೆಗಳು.

“ಅಯ್ಯೋ, ಈ ಹಲಗೆ ಬೆನ್ನಿಗೆ ತಿವಿಯುತ್ತೆ! ಹೋದ ವರ್ಷ ಎಷ್ಟು ಹಾಯಾಗಿತ್ತು,” ಎಂದು ಗೊಣಗಿದೆ.

ಅತ್ತಿಗೆ ತಿರುಗಿ ನೋಡಿದರು. “ಹೋದ ವರ್ಷ ಇಲ್ಲೇ ಕೂತು ಹಣ್ಣು ತಿಂದ್ಯಲ್ಲ, ಹೇಗಿತ್ತು?”

“ಸಕ್ಕರೆ! ಈ ಮರದಲ್ಲಿ ಅಂಥ ಹಣ್ಣು ಯಾವತ್ತೂ ಬಿಟ್ಟಿರಲಿಲ್ಲ. ಬಟ್ಟಲು ತುಂಬಿಸಿ ನಿಮಗೂ ತಂದಿರಲಿಲ್ವಾ?”

“ತಂದಿದ್ದೆ. ನಾನೂ ಬಾಯಿ ಚಪ್ಪರಿಸಿದೆ. ಆಗಲೇ ಅನುಮಾನ ಬರಬೇಕಿತ್ತು, ದಡ್ಡಿ ನಾನು.”

ಅಷ್ಟರಲ್ಲಿ ಮರದ ಹಿಂದಿದ್ದ ತಮ್ಮ ಕ್ಲಿನಿಕ್ಕಿನಿಂದ ಡಾಕ್ಟರೇ ಹೊರಬಂದರು. “ಪತ್ತೇದಾರಿಕೆ ಶುರುವಾಯ್ತಾ? ಮಗಳ ಮನೆಯಿಂದ ನಾನು ವಾಪಸ್ ಬಂದಿದ್ದೇ ಮೊನ್ನೆ. ಹೋಗುವಾಗ ಚೆನ್ನಾಗಿತ್ತು ಮರ. ನೋಡಿ, ಏನ್ ಗತಿ ಮಾಡಿಟ್ಟಿದ್ದಾಳೆ!”

“ಬೆಂಚು ತುಂಬಾ ಚೆನ್ನಾಗಿದೆ ಡಾಕ್ಟ್ರೇ. ಯಾವ ಬಡಗಿ?”

“ಬಡಗಿ ಯಾಕೆ? ಕೊಯ್ದ ಹಲಗೆ ತರಿಸಿ ನಾನೇ ಜೋಡಿಸಿದೆ. ಒಂದು ಸ್ಕ್ರೂ ಹಿಡಿಯೋಕೂ ಯಾರನ್ನೂ ಕರೀಲಿಲ್ಲ.” ಎದೆ ಇಷ್ಟಗಲ ಮಾಡಿಕೊಂಡು ಹೊರಟುಹೋದರು.

ನನ್ನ ಅನುಮಾನವೆಲ್ಲ ಕಾಂಡಕ್ಕೆ ಮೊಳೆ ಹೊಡೆದು ದೀಪದ ಸರ ಸುತ್ತಿದ್ದ ಎಲೆಕ್ಟ್ರಿಷಿಯನ್ ಮೇಲಿತ್ತು. ಹಾಗೆಂದು ಹೇಳಿಯೂ ಬಿಟ್ಟೆ. ಅತ್ತಿಗೆ ನಕ್ಕು, ಎಲೆ ಉಳಿದಿದ್ದ ಒಂದು ರೆಂಬೆ ಕತ್ತರಿಸಿ ತಂದು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿಟ್ಟರು.

ಭಾನುವಾರ ಮರ ಕಡಿಯುವವರು ಗರಗಸದೊಂದಿಗೆ ಬಂದರು. ಇಸ್ತ್ರಿಯಕ್ಕ ಮರಕ್ಕೆ ಬೆನ್ನು ಕೊಟ್ಟು ನಿಂತಳು. ಅವಳ ಪಕ್ಕದಲ್ಲಿ ನಾನು ನಿಂತೆ. “ಮೊದಲು ನಮ್ಮನ್ನ ಕೊಯ್ಯಿರಿ, ಆಮೇಲೆ ಮರ!” ಎಂದು ಬಸ್ಸಿನ ಕೊನೇ ಸೀಟಿಗೆ ಕೇಳಿಸುವ ದನಿಯಲ್ಲಿ ಕೂಗಿದ್ದಕ್ಕೆ ಇಡೀ ಕಟ್ಟಡ ಅಂಗಳಕ್ಕಿಳಿಯಿತು. ಅತ್ತಿಗೆಗೆ ಬೇಕಾಗಿದ್ದೂ ಅದೇ.

ಅವರು ರೆಂಬೆಯನ್ನು ಎತ್ತಿ ಹಿಡಿದರು. ಎಲೆಯ ನರಗಳೆಲ್ಲ ಕೆಂಪಾಗಿದ್ದವು.

“ನೀರು ಏರೋ ಕೊಳವೆಗಳು ಮರದ ಒಳಗಿವೆ. ಆ ಕೆಲಸ ನಿಂತಿಲ್ಲ ಅನ್ನೋದಕ್ಕೆ ಇದು ಸಾಕ್ಷಿ. ಬೇರು ಕುಡಿದ ನೀರಿನ ಜೊತೆ ಅದರಲ್ಲಿ ಕರಗಿದ ಉಪ್ಪೂ ಎಲೆಗೆ ಬರುತ್ತೆ. ನೀರು ಆವಿಯಾಗುತ್ತೆ, ಉಪ್ಪು ಅಂಚಲ್ಲಿ ಉಳಿಯುತ್ತೆ. ಸೋಡಾ ಕುಡಿದು ಸಾಯೋ ಮರದ ಎಲೆಗೆ ಮೊದಲು ಅಂಚು ಸುಡಬೇಕು. ಒಂದೂ ಸುಟ್ಟಿಲ್ಲ. ಅದೂ ಬೇಡ, ಈ ಕವಲು ನೋಡಿ. ಇವಳು ನೀರು ಸುರಿಯೋ ಜಾಗದಲ್ಲೇ ಇದೆ. ವಿಷ ಹಾಕಿದ್ರೆ ಮೊದಲು ಸಾಯಬೇಕಾಗಿದ್ದು ಇದು. ಇದೇ ಎಲ್ಲಕ್ಕಿಂತ ಹಸಿರಾಗಿದೆ.”

“ಹಾಗಾದ್ರೆ ಮರಕ್ಕೆ ವಯಸ್ಸಾಗಿರಬೇಕು,” ಎಂದರು ಡಾಕ್ಟರು.

“ವಯಸ್ಸಾದ್ರೆ ಬೆನ್ನು ಬಾಗುತ್ತೆ, ಬೆಂಚಿನ ಹಲಗೆ ಉಬ್ಬಲ್ಲ. ಎಲೆ ಅಡುಗೆ ಮಾಡುತ್ತೆ. ಆ ಸಕ್ಕರೆ ಬೇರಿಗೆ ಇಳಿಯೋ ದಾರಿ ತೊಗಟೆಯ ಒಳಪದರ. ತೊಗಟೆಯನ್ನ ಬಳೆಯ ಹಾಗೆ ಸುತ್ತ ಕೆತ್ತಿ ತೆಗೆದುಬಿಟ್ರೆ ನೀರು ಏರ್ತಾನೇ ಇರುತ್ತೆ, ಆ ವರ್ಷ ಎಲೆ ಹಸಿರಾಗೇ ಇರುತ್ತೆ, ಯಾರಿಗೂ ಏನೂ ಗೊತ್ತಾಗಲ್ಲ. ಸಕ್ಕರೆ ಮಾತ್ರ ಕೆಳಗಿಳಿಯಲ್ಲ; ಬೇರು ಹಸಿದು ಸೊರಗಿ, ಮುಂದಿನ ವರ್ಷ ಎಲೆ ಹಳದಿಯಾಗುತ್ತೆ. ಗಾಯದ ಮೇಲ್ಭಾಗ ಊದಿಕೊಳ್ಳುತ್ತೆ, ನಮ್ಮ ಕಂಡಕ್ಟರ್ ಬೆನ್ನಿಗೆ ತಿವಿಯುತ್ತೆ. ಉಳಿದ ಸಕ್ಕರೆ ಹಣ್ಣಿಗೆ ಹೋಗುತ್ತೆ. ಹೋದ ವರ್ಷ ನಾವೆಲ್ಲ ಚಪ್ಪರಿಸಿದ್ದು ಬೇರಿನ ಬಾಯಿಂದ ಕಿತ್ತ ತುತ್ತು.”

ಹೊಟ್ಟೆ ತುಂಬ ತಿಂದಿದ್ದು ನೆನಪಾಗಿ ನನಗೆ ಸಂಕಟವಾಯಿತು.

ಅತ್ತಿಗೆ ಕೈಸನ್ನೆ ಮಾಡಿದರು. ನನ್ನ ಸಂಶಯಕ್ಕೆ ಗುರಿಯಾಗಿದ್ದ ಎಲೆಕ್ಟ್ರಿಷಿಯನ್ನೇ ಸ್ಕ್ರೂ ಬಿಚ್ಚಿ ಹಲಗೆ ಎತ್ತಿದ. ಕಾಂಡದ ಸುತ್ತ ಅಂಗೈಯಗಲ ತೊಗಟೆಯೇ ಇರಲಿಲ್ಲ. ಒಣಗಿದ ಬರಿ ಮರ. ಅಂಚು ಎಷ್ಟು ನಯವಾಗಿತ್ತೆಂದರೆ, ಆತುರದ ಕೆಲಸವಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು.

“ಯಾವನೋ ಪುಂಡ ಮಾಡಿರ್ತಾನೆ. ನಾನು ಊರಲ್ಲೇ ಇರಲಿಲ್ಲ!”

“ಈ ಸಲ ಇರಲಿಲ್ಲ. ಬೆಂಚು ಹಾಕಿದಾಗ ಇದ್ರಿ. ಹಲಗೆಯ ಒಳಮೈ ನೋಡಿ ಡಾಕ್ಟ್ರೇ.” ಅಲ್ಲಿ ಅಂಟಿನ ಹಾಗೆ ಒಣಗಿದ ಕಂದು ಕಲೆ, ಕಾಂಡದ ಗಾಯದುದ್ದಕ್ಕೂ ಸರಿಯಾಗಿ ಅಚ್ಚೊತ್ತಿತ್ತು. “ಹಿಪ್ಪುನೇರಳೆ ಹಾಲು ಸುರಿಸೋದು ಗಾಯ ಹಸಿಯಾಗಿದ್ದಾಗ ಮಾತ್ರ. ಹಾಲು ಆರೋ ಮುಂಚೆ ಹಲಗೆ ಕೂರಿಸಿದವರೇ ತೊಗಟೆ ಕೆತ್ತಿದವರು. ಒಂದು ಸ್ಕ್ರೂ ಹಿಡಿಯೋಕೂ ಯಾರನ್ನೂ ಕರೀಲಿಲ್ಲ ಅಂತ ನೀವೇ ಹೇಳಿದ್ರಿ. ಜೀವ ಇರೋ ಮರ ಕಡಿಯೋಕೆ ಅನುಮತಿ ಸಿಗಲ್ಲ, ನಿಮ್ಮ ಕ್ಲಿನಿಕ್ ಬೋರ್ಡು ರಸ್ತೆಗೆ ಕಾಣಲ್ಲ. ಮರ ತಾನಾಗಿ ಸಾಯಬೇಕಿತ್ತು. ಅಪವಾದ ಹೊರೋಕೆ ಪಕ್ಕದಲ್ಲೇ ಒಬ್ಬಳು ಇದ್ಲು.”

ಡಾಕ್ಟರ ಮುಖ ಕಪ್ಪಿಟ್ಟಿತು. ಆದರೂ ಸೊಕ್ಕು ಇಳಿಯಲಿಲ್ಲ. “ಆಯ್ತಲ್ಲ? ಹೇಗೂ ಸತ್ತಿದೆ. ಕಡೀಲೇಬೇಕು.”

“ಸತ್ತಿಲ್ಲ,” ಎಂದರು ಅತ್ತಿಗೆ. “ವರ್ಷವಿಡೀ ಬೇರಿಗೆ ಅನ್ನ ಹಾಕಿದ್ದು ಗಾಯದ ಕೆಳಗಿದ್ದ ಈ ಕವಲುಗಳು. ನೀವು ಕತ್ತರಿಸು ಅಂದ್ರಿ, ಇವಳು ಕತ್ತರಿಸಲಿಲ್ಲ. ಮರ ಕೊಂದವಳು ಅಂದ್ರಲ್ಲ, ಮರ ಉಳಿದಿರೋದೇ ಇವಳ ಹಟದಿಂದ.”

ಇಸ್ತ್ರಿಯಕ್ಕ ಅಷ್ಟು ದಿನ ತಡೆದುಕೊಂಡಿದ್ದವಳು ಆಗ ಅತ್ತುಬಿಟ್ಟಳು. ನಾನೂ ಅತ್ತೆ. ಗರಗಸದವರು ಬಂದ ದಾರಿ ಹಿಡಿದರು. ಆ ಸಂಜೆಯೇ ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು.

ಮರುದಿನ ಅತ್ತಿಗೆ ಕವಲುಗಳ ತುದಿಯನ್ನು ಓರೆಯಾಗಿ ಸವರಿ, ಗಾಯಕ್ಕಿಂತ ಮೇಲಿದ್ದ ತೊಗಟೆಯನ್ನು ಸೀಳಿ ಒಳಗೆ ಸೇರಿಸಿದರು. ಇಸ್ತ್ರಿಯಕ್ಕ ಹಳೇ ಬಟ್ಟೆ ಹರಿದು ಬಿಗಿಯಾಗಿ ಕಟ್ಟಿದಳು. ಕಿತ್ತುಹೋದ ದಾರಿಗೆ ಅವೇ ಸೇತುವೆ. ಎಲ್ಲವೂ ಹಿಡಿಯಲಿಲ್ಲ. ಹಿಡಿದವು ದಪ್ಪವಾಗುತ್ತ ಹೋದವು.

ಮುಂದಿನ ವರ್ಷ ಮರ ಮೈತುಂಬ ಚಿಗುರಿತು. ಮೊದಲ ಹಣ್ಣುಗಳನ್ನು ಇಸ್ತ್ರಿಯಕ್ಕ ಬಟ್ಟಲಲ್ಲಿ ತಂದುಕೊಟ್ಟಳು. ಬಾಯಿಗೆ ಹಾಕಿಕೊಂಡೆ, ಒಂದು ಕಣ್ಣು ತಾನಾಗಿ ಮುಚ್ಚಿತು.

“ಹುಳಿ ಇದೆಯಾ? ಸಂಘಕ್ಕೆ ದೂರು ಕೊಡ್ತೀರಾ?” ಎಂದಳು, ಸೊಂಟದ ಮೇಲೆ ಕೈಯಿಟ್ಟು.

“ಹುಳೀನೇ,” ಎಂದು ಇನ್ನೊಂದು ಹಿಡಿ ತೆಗೆದುಕೊಂಡೆ.