ಹತ್ತು ಸೆಕೆಂಡಿನ ಅಮ್ಮ

ಸರ್ವರೂ ಸುಖವಾಗಿದ್ದರೆ ಕಥೆ ಹುಟ್ಟುವುದಿಲ್ಲ. ಸರ್ವರ್‌ಗಳು ಸುಖವಾಗಿದ್ದರಂತೂ ಆಸ್ಪತ್ರೆಯ ಮೂರನೇ ಮಹಡಿಯ ಆ ತಣ್ಣನೆಯ ಕೋಣೆಯ ಕಡೆ ಯಾರೂ ತಲೆ ಹಾಕುವುದಿಲ್ಲ. ಇದು ಆ ಕೋಣೆಯಲ್ಲಿ ನಡೆದದ್ದು. ಉಪ್ಪು ಖಾರ ಹಚ್ಚದೆ ಹೇಳುತ್ತೇನೆ. ಕಣ್ಣೀರಿನ ಉಪ್ಪು ಅದರಲ್ಲೇ ಇದೆ.

ಬೆಳಿಗ್ಗೆ ಹತ್ತಕ್ಕೆ ಯಾರೋ ಬಾಗಿಲು ತಟ್ಟಿದರು.

ಅವಳು ತೆರೆದಳು. ಎದುರಿಗೆ... ಅವನು!

ಕೊರಳಲ್ಲಿ 'ಸಂದರ್ಶಕ' ಎಂಬ ಬಿಲ್ಲೆ, ಹೆಗಲಿಗೆ ಲ್ಯಾಪ್‌ಟಾಪಿನ ಚೀಲ. ಎರಡು ವರ್ಷದಲ್ಲಿ ಕಿವಿಯ ಹತ್ತಿರ ನಾಲ್ಕು ಬಿಳಿಗೂದಲು. ಇದೇ ಕೋಣೆಯ ಬೀಗದ ಕೈ ಒಂದು ಕಾಲದಲ್ಲಿ ಇವನ ಕಿಸೆಯಲ್ಲಿತ್ತು!

"ಹೊಸ ತಂತ್ರಾಂಶ ಹಾಕೋಕೆ ಕಂಪನಿಯವರು ನನ್ನನ್ನ ಕಳಿಸಿದ್ದಾರೆ," ಎಂದ.

"ಬೇರೆ ಯಾರೂ ಇರಲಿಲ್ವಾ ನಿಮ್ಮ ಕಂಪನಿಯಲ್ಲಿ?"

*ನಿಮ್ಮ*. ಒಂದು ಕಾಲದಲ್ಲಿ 'ಲೋ ಗಿಳಿ' ಎಂದು ಕರೆಯುತ್ತಿದ್ದ ಬಾಯಿ. ಆ ಬಹುವಚನ ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು.

"ಇದ್ರು... ನಾನೇ ಕೇಳ್ಕೊಂಡು ಬಂದೆ."

ಅವಳು ದಾರಿ ಬಿಟ್ಟಳು. ಒಂದು ಮಾತನ್ನು ಮಾತ್ರ ಬಿಡಲಿಲ್ಲ.

"ಹೊಸದರಲ್ಲಿ ಎಚ್ಚರಿಕೆ ಬಾಯಿ ಮುಚ್ಚಿಸೋ ಜಾಗದಲ್ಲಿ, ಗಂಟೆಯೋ ದಿನವೋ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರಾ?"

ಅವನು ತಲೆ ತಗ್ಗಿಸಿದ.

ಏನಾಗಿತ್ತೆಂದು ಈಗಲೇ ಹೇಳಿಬಿಡುತ್ತೇನೆ.

ಆಸ್ಪತ್ರೆಯಲ್ಲಿ ನಲವತ್ತು ಲಿನಕ್ಸ್ ಸರ್ವರ್ ಯಂತ್ರಗಳು. ರೋಗಿಗಳ ನಾಡಿ ನೋಡಲು ಡಾಕ್ಟರಿದ್ದಾರೆ; ಈ ಯಂತ್ರಗಳ ನಾಡಿ ನೋಡಲು ಒಂದು ತಂತ್ರಾಂಶವಿತ್ತು. ಯಾವುದಾದರೂ ಯಂತ್ರ ಬಿಸಿಯಾದರೆ, ಸುಸ್ತಾದರೆ, ಡಿಸ್ಕ್ ತುಂಬಿದರೆ ಕೋಣೆಯ ಸ್ಪೀಕರಿನಲ್ಲೂ ಅವಳ ಫೋನಿನಲ್ಲೂ ಕೂಗಿ ಹೇಳುತ್ತಿತ್ತು. ಇವರಿಬ್ಬರೇ ಅದರ ಕಾವಲು. ಸದಾ ವೈರುಗಳ ನಡುವೆ ಇರುತ್ತಾಳೆಂದು ನರ್ಸ್‌ಗಳು ಅವಳಿಗೆ ಇಟ್ಟ ಹೆಸರು 'ವೈರಮ್ಮ'. ಇನ್ನು ಅವನು ಗಿಳಿ. ಮುಖ್ಯಸ್ಥರ ಕೆಮ್ಮಿನಿಂದ ಹಿಡಿದು ಲಿಫ್ಟಿನ ಕಿರ್ರ್ ತನಕ ಎಲ್ಲವನ್ನೂ ಅಣಕಿಸುತ್ತಿದ್ದ. ಒಮ್ಮೆ ಮುಖ್ಯಸ್ಥರ ದನಿಯಲ್ಲಿ ಫೋನ್ ಮಾಡಿ "ಏನೀಮ್ಮಾ... ಹ್ಹೆಹ್ಹೆಕ್ಕ್... ರಜಾ ಬೇಕೇನೀಮ್ಮಾ?" ಎಂದಾಗ ಅವಳು ಕುರ್ಚಿಯಿಂದ ಎದ್ದು ನಿಂತು "ಬೇಡ ಸಾರ್" ಎಂದಿದ್ದಳು!

ಡಿಸ್ಕ್ ತುಂಬಿದಾಗ ಕೂಗುವ ದನಿಯನ್ನೂ ಅವನೇ ತಂದು ಹಾಕಿದ್ದ. ಅದು ಅವಳ ಅಮ್ಮನ ದನಿ.

"ಅಯ್ಯೋ, ಅದರ ಹೊಟ್ಟೆ ತುಂಬಿ ಬಿರಿಯೋ ಹಾಗಿದೆ, ನೋಡೇ! ನೀನು ಮಾತ್ರ ಬೆಳಿಗ್ಗೆಯಿಂದ ಬರೀ ಹೊಟ್ಟೆಯಲ್ಲಿ ಕೂತಿದ್ದೀಯ!"

ಇಡೀ ಮಹಡಿ ನಗುತ್ತಿತ್ತು. ಅವಳು ಮಾತ್ರ ಮೂಗು ಮುರಿದಿದ್ದಳು. "ಏನೋ ಗಿಳಿ, ಎಲ್ಲರನ್ನೂ ಚೆನ್ನಾಗಿ ಮಾಡ್ತೀಯ, ನಮ್ಮಮ್ಮನ್ನ ಮಾತ್ರ ಕೆಡಿಸಿದ್ದೀಯ. ಸ್ವಲ್ಪವೂ ಅಮ್ಮನ ಹಾಗಿಲ್ಲ!"

ಅವನು ಹಲ್ಲು ಕಿರಿದು ಸುಮ್ಮನಾಗಿದ್ದ. ನರ್ಸ್‌ಗಳು ಗದ್ದಲವೆಂದು ಗೊಣಗಿದಾಗ ಯಾವ ಕೂಗೂ ಹತ್ತು ಸೆಕೆಂಡಿಗೆ ನಿಲ್ಲುವಂತೆ ಮಾಡಿದವಳು ಅವಳೇ.

ಆಮೇಲೆ ಅಮ್ಮನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಇದೇ ಆಸ್ಪತ್ರೆಯಲ್ಲಿ ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು.

ಹನ್ನೊಂದನೇ ದಿನ ಗೊತ್ತಾಯಿತು: ಲ್ಯಾಬಿನ ಯಂತ್ರದ ಡಿಸ್ಕ್ ತುಂಬಿ ಮೂರು ದಿನವಾಗಿದೆ. ಬರೆದಿಡಲು ಜಾಗವಿಲ್ಲದೆ ಮೂರು ದಿನದ ವರದಿಗಳು ಗಾಳಿಗೆ ಹೋಗಿವೆ. ತಂತ್ರಾಂಶ ಕೂಗಿರಲೇ ಇಲ್ಲ! ಆಪರೇಷನ್ ನಡೆದ ದಿನವೇ ಯಾರೋ ಡಿಸ್ಕಿನ ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದರು. ಅವಧಿ: ಹನ್ನೆರಡು ದಿನ. ಲಾಗಿನ್: ಗಿಳಿಯದು.

ಹೋದ ವರದಿಗಳಲ್ಲಿ ಅಮ್ಮನದೂ ಒಂದು. ಗಂಟಿನ ತುಣುಕನ್ನು ಹುಡುಕಿಸಿ ಮತ್ತೆ ಪರೀಕ್ಷೆ ಮಾಡಿಸುವಷ್ಟರಲ್ಲಿ ಒಂದು ತಿಂಗಳು. ಎರಡನೇ ಆಪರೇಷನ್‌ನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. "ಮೊದಲೇ ಗೊತ್ತಾಗಿದ್ರೂ ಹೀಗೇ ಆಗ್ತಿತ್ತೋ ಏನೋ," ಎಂದರು ಡಾಕ್ಟರು. ಆ 'ಏನೋ' ಇದೆಯಲ್ಲ... ಎರಡು ವರ್ಷದಿಂದ ಅವಳು ಅದನ್ನು ದಿನಾ ಎದ್ದ ಕೂಡಲೇ ನುಂಗುತ್ತಿದ್ದಾಳೆ.

ಆಗ ಮುಖ್ಯ ಮೇಲ್ವಿಚಾರಕರ ಒಂದು ಹುದ್ದೆ ಖಾಲಿಯಿತ್ತು. ಅರ್ಜಿ ಹಾಕಿದ್ದವರು ಇಬ್ಬರೇ, ಅವಳು ಮತ್ತು ಅವನು. 'ನನ್ನನ್ನು ತಪ್ಪಿತಸ್ಥಳನ್ನಾಗಿ ಮಾಡಲು ಬಾಯಿ ಮುಚ್ಚಿಸಿದ' ಎಂದು ಅವಳ ಮನಸ್ಸು ತೀರ್ಪು ಕೊಟ್ಟುಬಿಟ್ಟಿತು. ಅವನು ತಪ್ಪು ಒಪ್ಪಿಕೊಂಡು ರಾಜೀನಾಮೆ ಕೊಟ್ಟ. ಫೋನ್ ಮಾಡಿದ, ಅವಳು ನಂಬರನ್ನು ಬ್ಲಾಕ್ ಮಾಡಿದಳು. ಪತ್ರ ಬರೆದ, ಒಡೆಯದೆ ಹಿಂದೆ ಕಳಿಸಿದಳು. ಡಿಸ್ಕಿನ ಎಚ್ಚರಿಕೆಗೆ ಆ ದನಿ ಬಿಡಿಸಿ ಬರೀ ಪೀಪ್ ಸದ್ದು ಹಾಕಿದಳು. ವೈರಮ್ಮ ಎಂಬ ಹೆಸರಿಗೆ ಈಗ ವೈರಿನ ಅಗತ್ಯವಿರಲಿಲ್ಲ.

ಇವತ್ತು ಆ ಹಳೆಯ ತಂತ್ರಾಂಶದ ಕೊನೆಯ ದಿನ. ಹೊಸದನ್ನು ಹೊಸ ಯಂತ್ರದಲ್ಲಿ ಕೂರಿಸಿ, ನಾಲ್ಕು ಗಂಟೆಗೆ ಹಳೆಯದರ ಡಿಸ್ಕನ್ನು ಪೂರ್ತಿ ಅಳಿಸಬೇಕು. ರೋಗಿಗಳ ವಿವರ ಇರುವುದರಿಂದ ಅದರೊಳಗಿನ ಒಂದು ಫೈಲೂ ಆಸ್ಪತ್ರೆಯ ಹೊರಗೆ ಹೋಗಬಾರದೆಂಬ ನಿಯಮ. ಅಳಿಸುವ ಆಜ್ಞೆ ಕೊಡಬೇಕಾದವಳು ಅವಳು.

*ಆ ಅಣಕು ದನಿಯೂ ಅದರ ಜೊತೆ ಮಣ್ಣಾಗಲಿ!*

ಅವನು ಕೆಲಸ ಶುರು ಮಾಡಿದ. ತಂತ್ರಾಂಶವನ್ನು ಇಳಿಸಿದ, ಕೂರಿಸಿದ, ಚಾಲೂ ಮಾಡಿದ. ನಂತರ ಒಂದೊಂದೇ ಯಂತ್ರದೊಳಗೆ ಹೋಗಿ ಅಲ್ಲಲ್ಲಿ ಒಂದು ಪುಟ್ಟ ದೂತನನ್ನು ಬಿಟ್ಟು ಬಂದ. ಪ್ರತಿ ನಿಮಿಷ ತನ್ನ ಯಂತ್ರದ ಕ್ಷೇಮ ಸಮಾಚಾರ ಹೇಳುವುದಷ್ಟೇ ಆ ದೂತನ ಕೆಲಸ. ಪರದೆಯ ಮೇಲೆ ಕೆಂಪು ಚುಕ್ಕೆಗಳು ಒಂದೊಂದಾಗಿ ಹಸಿರಾದವು.

ಕೋಣೆಯಲ್ಲಿ ಫ್ಯಾನುಗಳ 'ಗೊಂಯ್' ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದೆಲ್ಲ ಅವನು ಆ ಗೊಂಯ್‌ಗೂ ಶ್ರುತಿ ಸೇರಿಸುತ್ತಿದ್ದ...

ಮಧ್ಯಾಹ್ನ ದೊಡ್ಡ ಸಿಸ್ಟರ್ ಇಣುಕಿದರು. "ಅರೆ, ನಮ್ಮ ಗಿಳಿ! ಎಲ್ಲಿ, ಒಂದ್ಸಲ ನಮ್ಮ ಸಾಹೇಬ್ರ ಕೆಮ್ಮು ಕೆಮ್ಮಪ್ಪ, ಕಿವಿ ತಂಪಾಗ್ಲಿ."

"ಬಿಟ್ಟುಬಿಟ್ಟೆ ಸಿಸ್ಟರ್. ಎರಡು ವರ್ಷ ಆಯ್ತು."

"ಹಂಗಂದ್ರೆ? ಗಿಳಿ ಮಾತು ಬಿಟ್ರೆ ಏನುಳಿಯುತ್ತೆ, ಬರೀ ಕೊಕ್ಕು!"

ಅವನು ನಗಲಿಲ್ಲ. ಅವಳು ಕಣ್ಣಂಚಿನಲ್ಲೇ ಅದನ್ನು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಮೂರು ಗಂಟೆಯ ಹೊತ್ತಿಗೆ ಮೂವತ್ತೊಂಬತ್ತು ಹಸಿರು, ಒಂದು ಕೆಂಪು. ಆ ಒಂದು... ಲ್ಯಾಬಿನ ಯಂತ್ರ!

"ಸತ್ತಿದೆಯಾ?" ಎಂದಳು ಗಾಬರಿಯಿಂದ.

"ಇಲ್ಲ. ಅದು ಮಾತಾಡ್ತಾನೇ ಇದೆ. ಈ ಕಡೆ ಫೈರ್‌ವಾಲ್ ಬಾಗಿಲು ಹಾಕಿದೆ, ಅಷ್ಟೆ. ಕೇಳಿಸ್ಕೊಳ್ಳೋರಿಲ್ಲ ಅಂದ್ರೆ ಸತ್ತ ಹಾಗೇ ಕಾಣುತ್ತೆ."

"ನನಗೆ ಚುಚ್ಚಬೇಡಿ!"

"ನಾನು ಯಂತ್ರದ ವಿಷಯ ಹೇಳಿದ್ದು..."

"ಗೊತ್ತು ಯಾರ ವಿಷಯ ಅಂತ!"

ಅವನು ಬಾಗಿಲು ತೆರೆಯುವ ಎರಡು ಸಾಲು ಬರೆದ. ಚುಕ್ಕೆ ಹಸಿರಾಯಿತು. ನಲವತ್ತಕ್ಕೆ ನಲವತ್ತು.

"ಒಂದು ಕೇಳ್ಲಾ?" ಅವನು ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. "ಹಳೇದನ್ನ ಅಳಿಸೋ ಮೊದಲು ಒಂದು ಫೈಲ್ ಹೊಸದಕ್ಕೆ ಹಾಕ್ಕೊಳ್ಳಿ. ಡಿಸ್ಕ್ ತುಂಬಿದಾಗ ಕೂಗೋ ದನಿ."

ಅವಳ ಮೈ ಉರಿಯಿತು. "ನಿಮಗೆ ನಾಚಿಕೆ ಆಗಲ್ವಾ? ನಮ್ಮಮ್ಮ ಕೊರಳಿಗೆ ಹಲಗೆ ಕಟ್ಕೊಂಡು ಬರೆದು ಮಾತಾಡ್ತಾಳೆ! ಅವಳನ್ನ ಅಣಕಿಸಿದ್ದನ್ನ ನಾನು ಜೋಪಾನ ಮಾಡ್ಬೇಕಾ? ಒಂದಕ್ಷರ ಉಳಿಸಲ್ಲ!"

ನಾಲ್ಕಕ್ಕೆ ಐದು ನಿಮಿಷ ಇತ್ತು. ಅವಳು ಹಳೆಯ ಯಂತ್ರದ ಮುಂದೆ ಕೂತು ಅಳಿಸುವ ಆಜ್ಞೆ ಬರೆದಳು. *ಖಚಿತವೇ?* ಎಂದು ಯಂತ್ರ ಕೇಳಿತು.

ಅವನ ಕೈ ಕೀಲಿಮಣೆಯ ಮೇಲೆ ಅಡ್ಡ ಬಂತು.

"ಅದು ನಾನಲ್ಲ!"

"ಏನು?"

"ಆ ದನಿ... ನಾನು ಮಾಡಿದ್ದಲ್ಲ. ನಿಮ್ಮಮ್ಮಂದೇ. ಯಾರಿಗೂ ಹೇಳಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೆ. ಒಂದೇ ಸಲ ಪೂರ್ತಿ ಕೇಳಿ. ಆಮೇಲೆ ಬೇಕಾದ್ರೆ ನನ್ನನ್ನೂ ಸೇರಿಸಿ ಅಳಿಸಿಬಿಡಿ."

*ಸುಳ್ಳು. ಇದೂ ಒಂದು ಆಟ...* ಆದರೂ ಅವಳ ಬೆರಳು ಫೈಲನ್ನು ಹುಡುಕಿತು. ಹತ್ತು ಸೆಕೆಂಡಿನ ಕೂಗಿಗೆ ಫೈಲಿನ ಉದ್ದ ನಲವತ್ತನಾಲ್ಕು ಸೆಕೆಂಡ್!

ಒತ್ತಿದಳು.

"...ನೀನು ಮಾತ್ರ ಬೆಳಿಗ್ಗೆಯಿಂದ ಬರೀ ಹೊಟ್ಟೆಯಲ್ಲಿ ಕೂತಿದ್ದೀಯ!"

ಇಲ್ಲಿಯವರೆಗಿನದು ಗೊತ್ತಿದ್ದದ್ದೇ. ಇಲ್ಲಿಗೇ ಅವಳು ಕತ್ತರಿಸಿದ್ದಳು. ದನಿ ಮುಂದುವರಿಯಿತು.

"ಆಯ್ತೇನಪ್ಪ? ಸಾಕಾ?"

"ಸಾಕಮ್ಮ, ಭರ್ಜರಿ!" ಅದು ಅವನು.

"ನೀನು ಮಾಡಿದ್ಯಲ್ಲ, ಅದು ನನ್ನ ದನಿಯಾ? ಶೀತ ಆದ ಮೇಕೆ ಕೂಗಿದ ಹಾಗಿತ್ತು. ನೋಡ್ತಿರು, ಇದನ್ನೂ ನೀನೇ ಮಾಡಿದ್ದು ಅಂದ್ಕೋತಾಳೆ. 'ಸ್ವಲ್ಪವೂ ಅಮ್ಮನ ಹಾಗಿಲ್ಲ' ಅಂತ ಮೂಗು ಮುರೀತಾಳೆ! ಮಿಷನ್ನು ಒಂದು ಕ್ಷಣ ಉಸಿರು ತಪ್ಪಿದ್ರೂ ಗೊತ್ತಾಗುತ್ತೆ ನಮ್ಮ ಹುಡುಗಿಗೆ. ಹೆತ್ತವಳ ದನಿ ಗೊತ್ತಾಗಲ್ಲ!"

ಆಮೇಲೆ ನಗು. ಅಮ್ಮನ ನಗು! ಮೊದಲು ಗೊರಗೊರ, ನಂತರ ಏದುಸಿರು, ಕೊನೆಗೆ 'ಅಯ್ಯಯ್ಯೋ ಪಕ್ಕೆ ಹಿಡೀತು'...

ಫೈಲ್ ಮುಗಿಯಿತು.

ಮೈಕು ಕಂಡರೆ ದೂರ ಓಡುತ್ತಿದ್ದ ಅಮ್ಮ. ಬಟನ್ ಫೋನಿನ ಅಮ್ಮ. ಎಲ್ಲೂ ಒಂದು ತುಣುಕು ದನಿ ಸಿಗಲಿಲ್ಲವೆಂದು ಎರಡು ವರ್ಷ, ಅಮ್ಮನಿಗೆ ಗೊತ್ತಾಗದ ಹಾಗೆ, ನೆಂಟರ ಮದುವೆಯ ವಿಡಿಯೋಗಳನ್ನೆಲ್ಲ ಜಾಲಾಡಿದ್ದಳು. ಅದು ಇಲ್ಲಿ, ಕೈಗೆಟುಕುವ ದೂರದಲ್ಲೇ ಇತ್ತು!

ಇನ್ನೊಂದು ಕ್ಷಣವಾಗಿದ್ದರೆ...

"ಯಾಕೆ ಬಾಯಿ ಮುಚ್ಚಿಸಿದೆ?" ಎಂದಳು. ಏಕವಚನ ತಾನಾಗಿಯೇ ಬಂದಿತ್ತು.

"ಅಮ್ಮನ ಗಂಟಲಿಗೆ ಕತ್ತರಿ ಹಾಕ್ತಿರೋ ಹೊತ್ತಲ್ಲಿ, ಹೊರಗೆ ಬೆಂಚಿನ ಮೇಲೆ ಕೂತ ನಿನ್ನ ಫೋನಲ್ಲಿ ಅದೇ ಅಮ್ಮನ ದನಿ ಕೂಗಿದ್ರೆ... ನೀನು ತಡ್ಕೊಳ್ತಿದ್ಯಾ? ಹನ್ನೆರಡು ಗಂಟೆ ಅಂತ ಹಾಕಿದೆ. ಅಲ್ಲಿದ್ದದ್ದು ದಿನದ ಲೆಕ್ಕ, ನೋಡಲಿಲ್ಲ. ಇದು ನೆಪ ಅಲ್ಲ. ತಪ್ಪು ನಂದೇ. ಆವತ್ತಿಂದ ಯಾರ ದನಿ ಮಾಡೋಕೆ ಹೋದ್ರೂ ಗಂಟಲಿಂದ ಹೊರಡಲ್ಲ."

ಅವಳು ಯಂತ್ರದ ಪ್ರಶ್ನೆಗೆ *ಈಗ ಬೇಡ* ಎಂದು ಒತ್ತಿದಳು.

"ನಿಂದು ಹನ್ನೆರಡು ದಿನ," ಎಂದಳು. "ನಾನು ನಿನ್ನ ನಂಬರಿಗೆ ಹಾಕಿದ ಬೀಗಕ್ಕೆ ಕೊನೇ ತಾರೀಖೇ ಇರಲಿಲ್ಲ ಕಣೋ."

ಅಷ್ಟರಲ್ಲಿ ಬಾಗಿಲ ಗಾಜಿನ ಮೇಲೆ ಟಕ್ ಟಕ್. ತಿಂಗಳ ತಪಾಸಣೆ ಮುಗಿಸಿ ಅಮ್ಮ ಮಗಳನ್ನು ಕರೆದೊಯ್ಯಲು ಬಂದಿದ್ದಳು. ಕೊರಳಿಗೆ ಬಟ್ಟೆಪಟ್ಟಿ, ಅದರ ಕೆಳಗೆ ಪುಟ್ಟ ಹಲಗೆ. ಅವನನ್ನು ಕಂಡವಳೇ ಕಣ್ಣರಳಿಸಿ, ಎರಡೂ ಕೈಯಲ್ಲಿ ಅವನ ಕೆನ್ನೆ ಹಿಡಿದಳು. ನಂತರ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಎರಡು ವರ್ಷ ಬಾರದೇ ಇದ್ದದ್ದಕ್ಕೆ.

ಅವನು ಅಮ್ಮನ ಪಾದ ಮುಟ್ಟಿದ.

ಮಗಳು ಏನೂ ಹೇಳದೆ ಆ ಫೈಲನ್ನು ಹೊಸ ಯಂತ್ರಕ್ಕೆ ಹಾಕಿದಳು. ಎಷ್ಟು ಸೆಕೆಂಡ್ ಕೂಗಬೇಕು ಎಂಬ ಜಾಗದಲ್ಲಿ *ಪೂರ್ತಿ* ಎಂದು ಒತ್ತಿದಳು. "ಪರೀಕ್ಷೆ ಮಾಡಬೇಕಲ್ಲ," ಎಂದು ಲ್ಯಾಬಿನ ಯಂತ್ರಕ್ಕೆ ಒಂದು ಸುಳ್ಳು ಎಚ್ಚರಿಕೆ ಕೊಟ್ಟಳು.

ಸ್ಪೀಕರ್ ಕೂಗಿತು.

ಅಮ್ಮ ಗೋಡೆ ಹಿಡಿದು ನಿಂತಳು. ಕೈ ತಾನಾಗಿ ಕೊರಳಿಗೆ ಹೋಯಿತು. ಸ್ಪೀಕರಿನೊಳಗಿನ ಅಮ್ಮ ಮಾತಾಡಿದಳು, ಗಿಳಿಯನ್ನು ಮೇಕೆ ಎಂದು ಬೈದಳು, ಮಗಳನ್ನು ಬೈದಳು... ಆಮೇಲೆ ನಕ್ಕಳು. ಕೋಣೆಯೊಳಗಿನ ಅಮ್ಮನ ಭುಜವೂ ಕುಣಿಯತೊಡಗಿತು. ಸದ್ದಿಲ್ಲದ ನಗುವಿಗೆ ಸ್ಪೀಕರ್ ಸದ್ದು ಕೊಟ್ಟಿತು.

ಮಗಳಿಗೆ ಅಳು ಒತ್ತರಿಸಿ ಬಂತು. ಅವನು ಪಕ್ಕದಲ್ಲೇ ನಿಂತಿದ್ದ, ಮುಟ್ಟಲು ಧೈರ್ಯವಿಲ್ಲದೆ.

"ಕ್ಷಮಿಸಿದ್ದೀನಿ ಅಂದ್ಕೋಬೇಡ," ಎಂದಳು ಕಣ್ಣೊರೆಸದೆ.

"ಅಂದ್ಕೊಂಡಿಲ್ಲ."

"ಎಷ್ಟು ದಿನ ಬೇಕೋ ಗೊತ್ತಿಲ್ಲ ನನಗೆ."

"ದಿನದಲ್ಲೇ ಹೇಳು, ಗಂಟೆಯಲ್ಲಿ ಬೇಡ. ಕಾಯ್ತೀನಿ."

ಅವಳು ಫೋನ್ ತೆಗೆದು ಬೀಗ ಹಾಕಿದ್ದ ಒಂದೇ ಒಂದು ನಂಬರನ್ನು ಬಿಡಿಸಿದಳು. ಪರದೆಯನ್ನು ಅವನ ಮುಖದೆದುರು ಹಿಡಿದಳು. "ದಿನಾ ಕ್ಷೇಮ ಸಮಾಚಾರ ಬರ್ತಿರಬೇಕು. ನಿನ್ನದೇ ದನಿಯಲ್ಲಿ. ತಿಳೀತಾ?"

ಅಮ್ಮ ಚಪ್ಪಾಳೆ ತಟ್ಟಿ ಇಬ್ಬರನ್ನೂ ಕರೆದಳು. ಹಲಗೆಯ ಮೇಲೆ ಸರಸರನೆ ಏನೋ ಬರೆದು, ಸ್ಪೀಕರನ್ನು ತೋರಿಸಿ, ಮಗಳ ಹಾಗೆಯೇ ಮೂಗು ಮುರಿದು, ಹಲಗೆ ಎತ್ತಿ ಹಿಡಿದಳು.

'ಪರವಾಗಿಲ್ಲ, ಚೆನ್ನಾಗಿ ಮಾಡಿದ್ದಾನೆ. ಆದ್ರೆ ಸ್ವಲ್ಪವೂ ನನ್ನ ಹಾಗಿಲ್ಲ!'

ಆಮೇಲೆ ಅವನ ಗಂಟಲಿನಿಂದ, ಎರಡು ವರ್ಷದ ನಂತರ, ಮುಖ್ಯಸ್ಥರ ಕೆಮ್ಮು ಹೊರಟಿತು: "ಹ್ಹೆಹ್ಹೆಕ್ಕ್... ಏನೀಮ್ಮಾ ಇದು!"

ಕಾರಿಡಾರಿನ ತುದಿಯಲ್ಲಿದ್ದ ದೊಡ್ಡ ಸಿಸ್ಟರ್ ಓಡಿಬಂದು ನೋಡಿದರು. ನೆಲದ ಮೇಲೆ, ವೈರುಗಳ ನಡುವೆ, ಅಮ್ಮನ ಮಡಿಲಿಗೆ ತಲೆಯಿಟ್ಟು, ಪಕ್ಕೆ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ, ಹೆತ್ತವಳ ದನಿ ಗೊತ್ತಾಗದ ಹುಡುಗಿ.