ಎಡಗಾಲಿನ ಬೋಲ್ಟ್

ಮುತ್ತುರಾಜು ಬಿದ್ದದ್ದು ಓಡುವ ಸೈಕಲ್ಲಿನಿಂದ ಅಲ್ಲ. ನಿಂತ ಸೈಕಲ್ಲಿನಿಂದ. ಅದಕ್ಕೇ ಜನ ಮೊದಲು ನಕ್ಕರು.

ಬಿಡದಿಯ ತಿರುವಿನಲ್ಲಿ ನಿಯಮ ಒಂದೇ — ನಿಲ್ಲಬೇಕು, ಎಡಗಾಲು ನೆಲಕ್ಕೂರಬೇಕು, ಅಂಗೈಗೆ ಸೀಲು ಒತ್ತಿಸಿಕೊಂಡು ವಾಪಸ್ ಕೆಂಗಲ್ಲಿಗೆ ಹೊರಡಬೇಕು. ಹದಿನಾರು ಜನರಲ್ಲಿ ಮುತ್ತುರಾಜುವೇ ಮುಂದಿದ್ದ. ನಿಂತ. ಪೆಡಲ್ಲಿಗೆ ಕಚ್ಚಿಕೊಂಡಿದ್ದ ಶೂ ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದ. ಕಾಲು ಬರಲಿಲ್ಲ. ಮತ್ತೆ ತಿರುಗಿಸಿದ. ಶೂ ತಿರುಗಿತು, ಪೆಡಲ್ ಬಿಡಲಿಲ್ಲ. ಸೈಕಲ್ ಸಮೇತ ಎಡಕ್ಕೆ ಒರಗಿ ಡಾಂಬರಿಗೆ ಅಪ್ಪಳಿಸಿದ. ಭುಜದ ಮೂಳೆ ಮುರಿಯಿತು.

ಅದು ಬಿಡದಿಯ ಒಂದು ಬಿಡಿಭಾಗಗಳ ಕಾರ್ಖಾನೆ ತನ್ನ ಸೈಕಲ್ ತಂಡಕ್ಕೆ ನಡೆಸಿದ ಆಯ್ಕೆ. ಗೆದ್ದವನಿಗೆ ಪರ್ಮನೆಂಟ್ ಕೆಲಸ. ಎರಡು ವರ್ಷದಿಂದ ಕಾಂಟ್ರಾಕ್ಟಿನಲ್ಲಿ ದುಡಿಯುತ್ತಿದ್ದ ಮುತ್ತುರಾಜುವಿಗೆ ಬೇಕಾಗಿದ್ದದ್ದು ಅದೊಂದೇ. ಗೆದ್ದವನು ಅಶ್ವಥ್. ನಾಳೆ, ಸೋಮವಾರ ಹತ್ತು ಗಂಟೆಗೆ, ಅವನ ಕೈಗೆ ಆರ್ಡರ್ ಬರುತ್ತದೆ.

"ಅಗ್ಗದ ಪೆಡಲ್ ಹಾಕ್ಕೊಂಡು ಬಂದ್ರೆ ಹಿಂಗೇ ಆಗೋದು" ಎಂದರು ಆಯ್ಕೆ ನೋಡಿಕೊಳ್ಳುತ್ತಿದ್ದ ಆಫೀಸರ್. ವರದಿಯಲ್ಲೂ ಅದನ್ನೇ ಬರೆದರು. ತಪ್ಪು ಸವಾರನದ್ದೇ.

"ಬೇರೆ ಯಾರಾದ್ರೂ ಬೇಕೂಂತ ಮಾಡಿದ್ರೆ?" ಎಂದು ಕೇಳಿದಳು ಭಾನುಪ್ರಿಯ.

"ತೋರ್ಸಿ. ಮೂಳೆ ಕೂಡಿದ ಮೇಲೆ ಮತ್ತೆ ಆಯ್ಕೆ ಇಡ್ತೀನಿ. ಹತ್ತು ಗಂಟೆ ಒಳಗೆ ತೋರ್ಸಿ."

ಭಾನುಪ್ರಿಯ ಮುತ್ತುರಾಜುವಿನ ಚಿಕ್ಕಮ್ಮನ ಮಗಳು, ಅವನಿಗಿಂತ ಮೂರು ವರ್ಷ ದೊಡ್ಡವಳು. ಅದೇ ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್. ದಿನಕ್ಕೆ ಸಾವಿರಾರು ಬೋಲ್ಟು ಅವಳ ಕಣ್ಣ ಮುಂದೆ ಹೋಗುತ್ತವೆ. ಸಡಿಲ ಬೋಲ್ಟು ಬಿಟ್ಟರೆ ಅವಳ ಸಂಬಳಕ್ಕೆ ಕತ್ತರಿ. ಬಿಟ್ಟುಬಿಡುವ ಅಭ್ಯಾಸ ಅವಳಿಗಿಲ್ಲ.

ಆಸ್ಪತ್ರೆಯಿಂದ ಮುತ್ತುರಾಜುವಿನ ಶೂಗಳನ್ನು ಚೀಲಕ್ಕೆ ಹಾಕಿಕೊಂಡು ನೇರ ಚನ್ನಪಟ್ಟಣಕ್ಕೆ ಬಂದಳು. ಅವನಿಗೆ ಆ ಪೆಡಲ್ ಹಾಕಿಕೊಟ್ಟಿದ್ದ ರಸೂಲನ ಸೈಕಲ್ ಶಾಪಿನ ಮುಂದೆ ಆಗಲೇ ಜನ ಸೇರಿತ್ತು. ಟೈರುಗಳು ರಸ್ತೆಯಲ್ಲಿ ಬಿದ್ದಿದ್ದವು. ಎಲ್ಲರ ಮುಂದೆ ನಿಂತು ಕೂಗುತ್ತಿದ್ದವನು ಮುತ್ತುರಾಜುವಿನ ಅಣ್ಣ ಬಾಲರಾಜು.

"ಗುಜರಿ ಮಾಲು ಹಾಕಿ ನನ್ ತಮ್ಮನ್ನ ಕೊಲ್ಲಕ್ಕೆ ನೋಡ್ದೇನ್ಲಾ? ಬಾರ್ಲಾ ಆಚೆಗೆ!"

ರಸೂಲ್ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಸ್ಪ್ಯಾನರ್ ಇತ್ತು. ಎತ್ತಿರಲಿಲ್ಲ.

"ಬಾಲಣ್ಣ, ಕೂಗಿದ್ದು ಸಾಕು. ನನಗೆ ಇವರ ಹತ್ರ ಮಾತಾಡೋದೈತೆ" ಎಂದಳು ಭಾನು.

"ಏನ್ ಮಾತು ಇವನ ಹತ್ರ? ಸ್ಟೇಷನ್ನಿಗೆ ಎಳ್ಕೊಂಡ್ ಹೋಗೋದು ಅಷ್ಟೇ."

"ಎಳಿ. ಒಸಿ ಹೊತ್ತು ಬುಟ್ಟು ಎಳಿ."

ಶಟರ್ ಅರ್ಧ ಇಳಿಯಿತು. ಒಳಗೆ ಇಬ್ಬರೇ — ಭಾನು, ರಸೂಲ್. ನೆಲದ ಮೇಲೆ ಮುತ್ತುರಾಜುವಿನ ಸೈಕಲ್ಲು.

"ರಸೂಲಣ್ಣ, ಈ ಪೆಡಲ್ಲೇ ಯಾಕೆ?"

"ಕಾಸಿಗೆ ತಕ್ಕಂಗೆ ಅಲ್ವಾ ತಾಯಿ? ರೇಸ್ ಪೆಡಲ್ ಬೇರೆ ಬತ್ತದೆ. ಅದರ ಶೂ ತಳಕ್ಕೆ ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟು, ಪೆಡಲ್ಲಿಗೆ ಕಚ್ಕೊಳ್ಳೋ ಕೊಂಡಿ. ಒಂದೇ ಮಗ್ಗುಲು ಸಿಕ್ಕೋದು. ನಡೆದ್ರೆ ಸವೀತದೆ, ಆರು ತಿಂಗ್ಳಿಗೆ ಹೊಸದು ತಗೋಬೇಕು. ಮುತ್ತು ಎಲ್ಲಿಂದ ತರ್ತಾನೆ? ಇದು ಬೆಟ್ಟದ ಸೈಕಲ್ ಪೆಡಲ್ಲು. ಎರಡು ಮಗ್ಗುಲೂ ಸಿಕ್ಕಾಕೊಳ್ತದೆ. ಕ್ಲೀಟು ಉಕ್ಕಿಂದು, ಎರಡೇ ಬೋಲ್ಟು. ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ತು. ಒಂದು ನೂರು ಗ್ರಾಮ್ ಜಾಸ್ತಿ ತೂಕ, ಅಷ್ಟೇ. ಆದ್ರೆ ಕಾಲು ಬುಡೋದ್ರಲ್ಲಿ ಇದಕ್ಕಿಂತ ಸಲೀಸು ಇನ್ನೊಂದಿಲ್ಲ."

"ಬುಡಲಿಲ್ವಲ್ಲ?"

ರಸೂಲ್ ಬಲಗಾಲಿನ ಶೂ ಎತ್ತಿ ಬಲಗಡೆ ಪೆಡಲ್ಲಿಗೆ ಒತ್ತಿದ. ಟಕ್. ಹಿಮ್ಮಡಿ ತಿರುಗಿಸಿದ. ಟಕ್. ಬಿಟ್ಟಿತು. ಎಡಗಡೆ ಪೆಡಲ್ಲಿಗೂ ಅದೇ ಶೂ ಒತ್ತಿದ. ಟಕ್. ಟಕ್. ಅದೂ ಬಿಟ್ಟಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಪೆಡಲ್ ಸರಿಯಾಗೈತೆ" ಎಂದಳು ಭಾನು. "ಎಲ್ರೂ ಪೆಡಲ್ ಪೆಡಲ್ ಅಂತಾವ್ರೆ. ಶೂ ತಳ ಯಾರಾದ್ರೂ ತಿರುಗಿಸಿ ನೋಡಿದ್ರಾ?"

ಎಡಗಾಲಿನ ಶೂ ಮಗುಚಿದಳು. ಕ್ಲೀಟಿನಲ್ಲಿ ಒಂದೇ ಬೋಲ್ಟಿತ್ತು. ಮುಂದಿನದ್ದು ಇರಲಿಲ್ಲ. ಬೆರಳಲ್ಲಿ ತಳ್ಳಿದರೆ ಕ್ಲೀಟು ಉಳಿದ ಬೋಲ್ಟಿನ ಸುತ್ತ ಗಡಿಯಾರದ ಮುಳ್ಳಿನಂತೆ ತಿರುಗಿತು.

"ಯಾ ಅಲ್ಲಾ" ಎಂದ ರಸೂಲ್. "ಇನ್ನೆಲ್ಲಿ ಬುಡ್ತದೆ? ಕಾಲು ತಿರುಗಿಸಿದ್ರೆ ಶೂ ತಿರುಗ್ತದೆ, ಕ್ಲೀಟು ಪೆಡಲಲ್ಲೇ ಉಳೀತದೆ. ಆದ್ರೆ ತಾಯಿ, ಎರಡೂ ಬೋಲ್ಟು ನಾನೇ ಬಿಗಿದಿದ್ದೆ."

"ಯಾವತ್ತು?"

"ಶುಕ್ರವಾರ. ಶನಿವಾರ ಮಧ್ಯಾಹ್ನ ಇಲ್ಲೇ ಇಪ್ಪತ್ತು ಸಲ ಹಾಕಿ ತೆಗೆದು ಕಲ್ತ. ಆಮೇಲೆ ಅಕ್ಕೂರಿಗೆ ತುಳ್ಕೊಂಡೇ ಹೋದ. ದಾರೀಲಿ ಎಲ್ಲಿ ನಿಲ್ಸಿದ್ರೂ ಕಾಲು ಬಂತು ಅಂತ ಫೋನ್ ಮಾಡಿದ್ದ."

ಅಂದರೆ ಶನಿವಾರ ಸಂಜೆಯವರೆಗೆ ಬೋಲ್ಟು ಇತ್ತು. ಭಾನುವಾರ ಅವನು ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಕೆಂಗಲ್ಲಿಗೆ ಬಂದಿದ್ದ. ಶುರುವಿನಲ್ಲಿ ರಸೂಲ್ ಹಿಂದೆ ನಿಂತು ಸೈಕಲ್ ಹಿಡಿದುಕೊಂಡಿದ್ದ. ಎರಡೂ ಕಾಲು ಸಿಕ್ಕಿಸಿ ಹೊರಟವನು ಮೊದಲ ಸಲ ಕಾಲು ಬಿಡಿಸಲು ನೋಡಿದ್ದು ಬಿಡದಿಯಲ್ಲೇ.

"ಕೆಂಗಲ್ಲಲ್ಲಿ ಎಲ್ರೂ ಆಂಜನೇಯನ ಗುಡಿ ಒಳಕ್ಕೆ ಹೋದಾಗ ಶೂ ಎಲ್ಲಿತ್ತು?"

"ಆಚೆ, ಚಪ್ಪಲಿ ಸಾಲಲ್ಲಿ. ನಾನು ಸೈಕಲ್ ಕಾಯ್ತಿದ್ದೆ." ರಸೂಲ್ ತಡೆದು ಹೇಳಿದ. "ಅಶ್ವಥ್ ಎಲ್ರಿಗಿಂತ ಮುಂಚೆ ಆಚೆ ಬಂದ. ಆ ಸಾಲಿನ ಹತ್ರಾನೇ ಕೂತಿದ್ದ."

ಅಶ್ವಥ್ ಆ ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕಿದ. ಗೆದ್ದವನ ಮುಖದಲ್ಲಿ ಗೆಲುವಿರಲಿಲ್ಲ.

"ನಾನೇ ಅಂತೀರ ತಾನೆ? ಬೆಳಿಗ್ಗೆಯಿಂದ ಎಲ್ರೂ ಹಂಗೇ ನೋಡ್ತಾವ್ರೆ."

"ಚಪ್ಪಲಿ ಸಾಲಿನ ಹತ್ರ ಯಾಕೆ ಕೂತಿದ್ದೆ?"

"ಶೂ ಲೇಸ್ ಕಟ್ಕೋತಿದ್ದೆ! ನಂದು ಮಾಮೂಲಿ ಕ್ಯಾನ್ವಾಸು, ಪೆಡಲ್ಲಿಗೆ ಬರೀ ಬೆಲ್ಟು. ಅವನ ಶೂನಲ್ಲಿ ಏನೈತೆ ಅಂತ್ಲೇ ನಂಗೆ ಗೊತ್ತಿಲ್ಲ. ಸೋಲ್ಸೋದಾಗಿದ್ರೆ ಟೈರು ಚುಚ್ತಿದ್ದೆ ಕಣಕ್ಕ."

ಭಾನು ಚೀಲದಿಂದ ಎಡಗಾಲಿನ ಶೂ ತೆಗೆದಳು. ಶೂವನ್ನು ಮೇಜಿನ ಮೇಲೆ ಮಗುಚಿ, ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದಳು. ಬೋಲ್ಟು ಹೋದ ತೂತಿನಲ್ಲಿ ಮೇಲೆ ರಸ್ತೆಯ ಕರಿ ಧೂಳು. ಕೂದಲ ಪಿನ್ನಿನಿಂದ ಕೆದಕಿದಳು. ಕರಿಯ ಕೆಳಗೆ ಬಿಳಿ. ತಿರುಪಿನ ಗೆರೆಗಳ ಒಳಗೆಲ್ಲ ಬಿಳಿ ಪುಡಿ ಮೆತ್ತಿತ್ತು.

"ರಂಗೋಲಿ" ಎಂದ ಅಶ್ವಥ್. "ಗುಡಿ ಮುಂದೆ ಇತ್ತು."

ಅವಳು ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ಅವನ ಮೂಗಿಗೆ ಹಿಡಿದಳು.

ಅಶ್ವಥ್ ಮುಖ ಹಿಂಡಿದ. "ಥೂ! ಆಸ್ಪತ್ರೆ ನಾತ."

"ಗೊತ್ತಿಲ್ವಾ ನಿಂಗೆ?"

"ನಾವು ಕುರಿ ಸಾಕೋರು. ನಮಗೇನ್ ಗೊತ್ತು?"

"ನಂಗೊತ್ತು" ಎಂದಳು ಭಾನು. ಶೂವನ್ನು ಚೀಲಕ್ಕೆ ತುರುಕಿ ಎದ್ದಳು.

ಅಕ್ಕೂರಿನಲ್ಲಿ ಮುತ್ತುರಾಜುವಿನ ಮನೆಯಲ್ಲಿ ರೇಷ್ಮೆ ಹುಳು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಎಲೆ ಮುಕ್ಕುವ ವಾರ. ಹುಳುಮನೆಯ ಹೊಸ್ತಿಲಿನ ಮುಂದೆ ಒಂದು ಮೊಳದಗಲ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿ ಹಾಸಿದ್ದರು. ಚಪ್ಪಲಿ ಅದರಾಚೆಗೇ. ಬರಿಗಾಲಲ್ಲಿ ಪುಡಿ ತುಳಿದು ಒಳಗೆ ಹೋಗಬೇಕು. ಹೊರಗಿನವರು ಆ ಕಡೆ ಸುಳಿಯುವ ಹಾಗಿಲ್ಲ. ಹುಳುವಿಗೆ ರೋಗ ಹತ್ತಿದರೆ ತಿಂಗಳ ದುಡಿಮೆ ತಿಪ್ಪೆಗೆ.

"ದೊಡ್ಡಮ್ಮ" ಎಂದು ಭಾನು ಮುತ್ತುರಾಜುವಿನ ತಾಯಿ ಮುನಿಯಮ್ಮನನ್ನು ಕೇಳಿದಳು, "ಶನಿವಾರ ಸಂಜೆ ಮುತ್ತು ಶೂ ಎಲ್ಲಿ ಬುಟ್ಟಿದ್ದ?"

"ಇಲ್ಲೇ, ಹುಳುಮನೆ ಆಚೆ. ಎಲೆ ಹಾಕಕ್ಕೆ ಒಳಕ್ಕೆ ಬಂದ. ಬೆಳಗಾನ ಅಲ್ಲೇ ಇದ್ದೋ. ಹೊತ್ತಾರೆ ಬ್ಯಾಗಿಗೆ ಹಾಕ್ಕೊಂಡ."

"ಹೊರಗಿನೋರು ಯಾರಾದ್ರೂ ಬಂದಿದ್ರಾ?"

"ಬುಡ್ತೀನಾ ನಾನು? ಈ ವಾರ ದೇವ್ರು ಬಂದ್ರೂ ಬುಡಲ್ಲ. ನಾನು, ನಿಮ್ ದೊಡ್ಡಪ್ಪ, ಮುತ್ತು, ಬಾಲ. ಅಷ್ಟೇಯ."

ಬಾಲರಾಜು ಜಗಲಿಯ ಮೇಲೆ ಎಲೆ ಕತ್ತರಿಸುತ್ತಿದ್ದ. ಮುತ್ತುರಾಜು ಕೈಗೆ ಪಟ್ಟಿ ಹಾಕಿಸಿಕೊಂಡು ಬಂದು ಗೋಡೆಗೊರಗಿ ಕೂತಿದ್ದ.

ಭಾನು ಶೂವನ್ನು ಇಬ್ಬರ ನಡುವೆ ಇಟ್ಟಳು.

"ಬೋಲ್ಟು ತಾನಾಗಿ ರಸ್ತೇಲಿ ಬಿದ್ದಿದ್ರೆ ತೂತಲ್ಲಿ ಬರೀ ಕರಿ ಧೂಳು ಇರ್ತಿತ್ತು. ಗುಡಿ ಹತ್ರ ತೆಗೆದಿದ್ರೂ ಈ ಪುಡಿ ಇರ್ತಿರಲಿಲ್ಲ. ಇದು ನಮ್ಮ ಹುಳುಮನೆ ಹೊಸ್ತಿಲಿಂದು. ಬೋಲ್ಟು ಇದ್ದಿದ್ರೆ ತಿರುಪಿನ ಗೆರೆ ಒಳಕ್ಕೆ ಪುಡಿ ಹೋಗ್ತಿರಲಿಲ್ಲ. ತೆಗೆದೋನು ಆಮೇಲೆ ಶೂನ ಪುಡಿ ಮೇಲೆ ಇಟ್ಟವ್ನೆ. ಹೊರಗಿನ ಕಳ್ಳ ಆಗಿದ್ರೆ ಕತ್ತಲಲ್ಲಿ ಶೂ ಎತ್ಕೊಂಡು ಮರೆಗೆ ಹೋಗ್ತಿದ್ದ. ಇಲ್ಲಾ ಒಳಕ್ಕೆ ತಗೊಂಡು ಹೋಗ್ತಿದ್ದ, ಒಳಗೆ ದೀಪ ಐತೆ. ಇವನು ಹೋಗಲಿಲ್ಲ. ಯಾಕೆ? ಹುಳುಮನೆ ಒಳಕ್ಕೆ ಶೂ ತರಬಾರ್ದು. ಬಾಗಿಲ ಬೆಳಕು ಬೀಳೋ ಜಾಗದಲ್ಲೇ, ಹೊಸ್ತಿಲಲ್ಲೇ ಕೂತು ಕೆಲ್ಸ ಮುಗಿಸ್ದ. ಹುಳುಗೆ ರೋಗ ಬರಬಾರ್ದು ಅಂತ ಅಷ್ಟು ಜೋಪಾನ. ತಮ್ಮನ ಮೂಳೆ ಮುರಿದ್ರೆ ಮುರೀಲಿ!"

ಕತ್ತರಿಸುವ ಸದ್ದು ನಿಂತಿತು.

"ಏನ್ ಬೊಗಳ್ತಿದೀಯ?" ಎಂದ ಬಾಲರಾಜು.

"ಈ ಬೋಲ್ಟು ಸ್ಪ್ಯಾನರಿಗೆ ಬರಲ್ಲ. ನಾಲ್ಕು ಎಂಎಂ ಅಲೆನ್ ಕೀ, ಆ ಆರು ಮೂಲೆ ಕಡ್ಡೀನೇ ಬೇಕು. ದೊಡ್ಡಪ್ಪನ ಹತ್ರ ಐತಾ? ದೊಡ್ಡಮ್ಮನ ಹತ್ರ ಐತಾ? ಎಂಟು ವರ್ಷದಿಂದ ನಮ್ಮ ಫ್ಯಾಕ್ಟರಿ ಮೇಂಟೆನೆನ್ಸಲ್ಲಿರೋನು ನೀನು. ಕೀ ಪೌಚ್ ಕೊಡು."

"ಕೊಡಲ್ಲ."

"ಅಣ್ಣ, ಕೊಡು" ಎಂದ ಮುತ್ತುರಾಜು. ಅದು ಅವನ ಮೊದಲ ಮಾತು.

ಬಾಲರಾಜು ಅಲುಗಲಿಲ್ಲ. ಮುನಿಯಮ್ಮನೇ ಗೂಟದಲ್ಲಿದ್ದ ಅಂಗಿಯಿಂದ ರೆಕ್ಸಿನ್ ಪೌಚ್ ತೆಗೆದು ನೆಲಕ್ಕೆ ಸುರಿದಳು. ಕೀಗಳ ನಡುವೆ ಒಂದು ಗಿಡ್ಡ ಬೋಲ್ಟು ಉರುಳಿತು. ಭಾನು ಅದನ್ನು ಎತ್ತಿ ಶೂವಿನ ತೂತಿಗೆ ಇಟ್ಟು ತಿರುಗಿಸಿದಳು. ನಾಲ್ಕು ಸುತ್ತು. ಕೂತಿತು.

"ಹೊಲಕ್ಕೆ ಎಸೀಬೋದಿತ್ತು. ಎಸೆಯಕ್ಕೆ ಕೈ ಬರಲಿಲ್ಲ. ಲೈನಲ್ಲಿ ಬಿಚ್ಚಿದ ಬೋಲ್ಟು ಜೇಬಿಗೆ ಹಾಕ್ಕೊಂಡು ಹಾಕ್ಕೊಂಡು ಅಭ್ಯಾಸ ಆಗೋಗೈತೆ ನಿಂಗೆ."

ಬಾಲರಾಜು ಎದ್ದು ನಿಂತ. ಕುಡುಗೋಲು ಇನ್ನೂ ಕೈಯಲ್ಲೇ ಇತ್ತು.

"ಹೌದು ಕಣೆ, ನಾನೇ! ಎಂಟು ವರ್ಷ. ಕೈ ಸುಟ್ಕೊಂಡೆ, ಬೆರಳು ಜಜ್ಜಿಸ್ಕೊಂಡೆ. ಪ್ರತಿ ವರ್ಷ ಕಾಂಟ್ರಾಕ್ಟು ಮುರಿದು ಹೊಸದು ಬರೀತಾರೆ, ನಾನು ಹೊಸಬ ಅಂತೆ! ಇವನು ಒಂದು ಬೆಳಿಗ್ಗೆ ಸೈಕಲ್ ತುಳಿದ್ರೆ ಪರ್ಮನೆಂಟು? ನನ್ ಕಣ್ಣೆದುರಿಗೆ ಇವನು ನೀಲಿ ಯೂನಿಫಾರ್ಮ್ ಹಾಕ್ಕೊಂಡು, ನಾನು ಬೂದಿ ಬಣ್ಣದ್ದು ಹಾಕ್ಕೊಂಡು ಒಂದೇ ಗೇಟಲ್ಲಿ ಹೋಗ್ಬೇಕಾ?"

"ನಿನ್ನ ಸಿಟ್ಟಿನಲ್ಲಿ ತಪ್ಪಿಲ್ಲ" ಎಂದಳು ಭಾನು. "ನಂಗೂ ಅದೇ ಬೂದಿ ಯೂನಿಫಾರ್ಮು. ಆದ್ರೆ ನೀನು ಎಂಟು ವರ್ಷದಲ್ಲಿ ಒಂದು ದಿನ ಆಫೀಸರ್ ಟೇಬಲ್ ಹತ್ರ ಹೋಗಿ ಕೂಗಿದ್ಯಾ? ಕೂಗಿದ್ದು ರಸೂಲಣ್ಣನ ಬಾಗಿಲಲ್ಲಿ. ಬಿಚ್ಚಿದ್ದು ಮಲಗಿದ್ದ ತಮ್ಮನ ಶೂ. ಇದು ಸಿಟ್ಟಲ್ಲ. ಹೇಡಿತನ."

ಚೀಲದಿಂದ ಕಾಗದ ತೆಗೆದಳು. ತಪ್ಪೊಪ್ಪಿಗೆ ಬರೆದೇ ತಂದಿದ್ದಳು.

"ಸೈನ್ ಮಾಡು."

"ಮಾಡಿದ್ರೆ ನನ್ ಕೆಲ್ಸ?"

"ಹೋಯ್ತದೆ. ಮಾಡದಿದ್ರೆ ಇವನದ್ದು ಹೋಯ್ತದೆ. ಒಂದು ಹೋಗ್ಲೇಬೇಕು."

ಬಾಲರಾಜು ತಮ್ಮನ ಕಡೆ ನೋಡಿದ. ಬೇಡ ಎನ್ನುತ್ತಾನೆಂದು ಕಾದ. ಮುತ್ತುರಾಜು ಚೆನ್ನಾಗಿದ್ದ ಕೈಯಿಂದ ಪೆನ್ನು ಎತ್ತಿ ಅಣ್ಣನ ಕಡೆ ಚಾಚಿದ.

ಸೈನ್ ಬಿತ್ತು.

ಒಳಗೆ ಹುಳುಗಳು ಎಲೆ ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಎಲೆ ಹಾಕುವ ಹೊತ್ತಾಗಿತ್ತು. ಬಾಲರಾಜು ಅಭ್ಯಾಸಬಲದಿಂದ ಮಂಕರಿ ಎತ್ತಿಕೊಂಡ, ಚಪ್ಪಲಿಯನ್ನು ಪುಡಿಯಾಚೆ ಕಳಚಿದ, ಬರಿಗಾಲನ್ನು ಸುಣ್ಣದ ಮೇಲಿಟ್ಟ.

ಮುನಿಯಮ್ಮ ಹೊಸ್ತಿಲಿಗೆ ಅಡ್ಡ ನಿಂತಿದ್ದಳು. ಮಂಕರಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಹೊರಗಿನೋರ್ನ ಒಳಕ್ಕೆ ಬುಡಲ್ಲ" ಎಂದಳು.