ಎದುರು ಕುರ್ಚಿಯ ಹೆಣ

ಸಿದ್ದಲಿಂಗೇಶನ ತಲೆ ಒಡೆದದ್ದು, ಹಾಳೆ ಹಾರದಿರಲೆಂದು ಅವನೇ ಇಟ್ಟುಕೊಂಡಿದ್ದ ಸಂಡೂರಿನ ಅದಿರುಕಲ್ಲಿನಿಂದ. ಮೊದಲ ಏಟಿಗೇ ಸತ್ತವನನ್ನು ಮತ್ತೆ ಮತ್ತೆ ಜಜ್ಜಿದ್ದರು. ನಾನು ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸುವ ಕೊಟ್ರಯ್ಯ. ರಕ್ತ ಕಂಡರೆ ಮುಖ ತಿರುಗಿಸುವವನು. ಆದರೆ ವಕೀಲಿಗಿಂತ ಪತ್ತೇದಾರಿಯಲ್ಲೇ ಹೆಸರು ಮಾಡಿದ ಗೆಳೆಯ ಅಕ್ಷೋಭ್ಯ ಕರೆದರೆ ಒಲ್ಲೆನ್ನಲು ನನಗೆ ಬಾಯಿ ಬರುವುದಿಲ್ಲ.

ಅವತ್ತು ಬೆಳಿಗ್ಗೆ ಹೊಸಪೇಟೆಯ ಅವನ ಆಫೀಸಿಗೆ ಅಳುತ್ತ ಬಂದವಳು ಶೈಲಶ್ರೀ. ಹಂಪಿ ಹತ್ತಿರದ ಸಂಶೋಧನಾ ಕೇಂದ್ರವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು.

"ಹಾಲೇಶನ್ನ ಕೊಲೆಗಾರ ಅಂತ ಹಿಡದಾರ್ರಿ ಸರ್. ನಾವಿಬ್ರೂ ಮದುವಿ ಆಗೋರು. ಹಾಸ್ಟೆಲ್ ಹುಡುಗ್ರು ಸಾಯೋಹಂಗ ಬಡದಾರ. ದವಾಖಾನಿಯಿಂದ ಸೀದಾ ಜೈಲಿಗೆ ಒಯ್ತಾರಂತ."

"ಸತ್ತವ ಯಾರು?"

"ಸಿದ್ದಣ್ಣ. ನಮ್ಮಂಗ ಸ್ಕಾಲರ್. ಥೀಸಿಸ್ ಬರಿಯಾಕ ಒದ್ದಾಡೋರಿಗೆ ಟ್ಯೂಟರ್ ಆಗಿದ್ದ."

"ನಿನಗೂ ಅವಗೂ ಹೆಂಗಿತ್ತು?"

ಅವಳು ತಲೆ ತಗ್ಗಿಸಿದಳು. "ಹೋದ ವಾರ ಜಗಳಾಗಿತ್ರಿ. ಕೊನೀ ಅಧ್ಯಾಯ ಚೂರು ಬರಕೊಡು ಅಂದಿದ್ದೆ. ಪಕ್ಕದಾಗ ಕುಂತು 'ನೀನ ಓದು, ನೀನ ತಿದ್ದು' ಅಂತಿದ್ದ. ಯಾರ ಹಾಳಿ ಮ್ಯಾಲೂ ಪೆನ್ ಊರ್ತಿದ್ದಿಲ್ಲ. ಸಿಟ್ಟಿಗೆದ್ದು, ನಿನ್ನ ಕೊಂದೇ ಬಿಡ್ತೀನಿ ಅಂದುಬಿಟ್ಟೆ."

ಬಂದು ಬಂದು ತಾನೇ ಸಿಕ್ಕಿಬಿದ್ದಳಲ್ಲ ಎಂದುಕೊಂಡೆ. ಅಕ್ಷೋಭ್ಯ ಮಾತ್ರ ಚಪ್ಪಲಿ ಮೆಟ್ಟಿಕೊಂಡು, "ನಡಿಲೇ ಕೊಟ್ರ," ಎಂದ.

ಕೇಂದ್ರದಲ್ಲಿ ಸಿದ್ದಲಿಂಗೇಶ ಪಾಠ ಹೇಳುತ್ತಿದ್ದ ಕೋಣೆಗೆ ನಾವು ಹೋಗುವಷ್ಟರಲ್ಲಿ ಹೆಣ ಸಾಗಿಸಿಯಾಗಿತ್ತು. ಇನ್ಸ್‌ಪೆಕ್ಟರ್ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಸಿದ್ದಲಿಂಗೇಶ ಮುಂದಕ್ಕೆ ಕುಸಿದಿದ್ದ. ಬಲಗೈಯಲ್ಲಿ ಕೆಂಪು ಪೆನ್ನು, ಕೆಳಗೆ ಕೆಂಪು ಗೆರೆಯೆಳೆದು ಕಾಟು ಹೊಡೆದ ಹಾಲೇಶನ ಹಾಳೆಗಳು.

ಸಾಕ್ಷಿಯೂ ಇದ್ದರು. ಹಾಲೇಶನ ಗೈಡು, ಡಾ. ಮರುಳಸಿದ್ದಪ್ಪ. "ಬಾಗಿಲದಾಗಿಂದ ಕಣ್ಣಾರೆ ಕಂಡೀನ್ರಿ," ಎಂದರು. "ಸಿದ್ದಲಿಂಗೇಶ ಎದುರು ಕುಂತು ಕೆಂಪು ಗೆರಿ ಎಳಿತಿದ್ದ. ಹುಡುಗಗ ತಡಿಯಾಕಾಗಲಿಲ್ಲ, ಕಲ್ಲೆತ್ತಿ ಬಡದ. ನಾನ ಕೂಗಿ ಮಂದಿ ಸೇರಿಸಿದೆ."

ಅಕ್ಷೋಭ್ಯನಿಗೆ ಮೇಜು ಬೇಕಾಗಿರಲಿಲ್ಲ. ಕಿಟಕಿ ಕೆಳಗೆ ಎರಡು ಕುರ್ಚಿ ಜೋಡಿಸಿದ್ದಲ್ಲಿ ಮೊಣಕಾಲೂರಿ ಕೂತ. ಅಲ್ಲಿನ ನೆಲವಷ್ಟೇ ಒರೆಸಿದಂತೆ ಥಳಥಳ ಹೊಳೆಯುತ್ತಿತ್ತು. ನಾನು ಟಾರ್ಚ್ ಹಿಡಿದೆ. ಕಿಟಕಿ ಕಟ್ಟೆಯ ಅಡಿಯಲ್ಲಿ, ಬಟ್ಟೆ ತಾಗದ ಜಾಗದಲ್ಲಿ, ರಕ್ತ ಸಿಡಿದು ಕಪ್ಪುಗಟ್ಟಿತ್ತು. ಮೇಜಿನ ಬಳಿಯ ಬಿಳಿ ಗೋಡೆಯಲ್ಲಿ ಒಂದು ಹನಿಯೂ ಇರಲಿಲ್ಲ.

ದವಾಖಾನೆಯಲ್ಲಿ ಹಾಲೇಶನ ಮುಖ ಮುಖವಾಗಿ ಉಳಿದಿರಲಿಲ್ಲ. ಎಡಗಣ್ಣು ಹೋಯಿತೆಂದು ಡಾಕ್ಟರು ಹೇಳಿದರು. ನನಗೆ ಆ ಹಾಸ್ಟೆಲ್ ಪುಂಡರನ್ನು ಸಾಲಾಗಿ ನಿಲ್ಲಿಸಿ ಒದೆಯಬೇಕೆನಿಸಿತು.

"ನಾ ಹೋದಾಗ ಆಗ್ಲೇ ಸತ್ತಿದ್ದ್ರಿ," ಎಂದ ಹಾಲೇಶ. "ಅಪ್ಪಿಕೊಂಡು ಎತ್ತಾಕ ಹೋದೆ, ರಕ್ತ ಹತ್ತಿತು."

"ಯಾಕ ಹೋಗಿದ್ದಿ?"

"ಕೇಂದ್ರದ ಕಮಿಟಿಗೆ ದೂರು ಕೊಟ್ಟಿದ್ದೆ. ನಾ ಬರದ ಅಧ್ಯಾಯ ಗೈಡ್ ಸರ್ ಹೆಸರಿನಾಗ ಅಚ್ಚಾಗೇತಿ. ಅದನ್ನ ನಾ ಮೊದಲು ಓದಿದ್ದು ಸಿದ್ದಣ್ಣನ ಮುಂದ. ಕಮಿಟಿ ಮುಂದ ಬಂದು ಸಾಕ್ಷಿ ಹೇಳ್ತೀನಿ ಅಂದಿದ್ದ, ಅದನ್ನ ಮಾತಾಡಾಕ ಹೋಗಿದ್ದೆ."

ಮರುದಿನ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದ್ದಾಯಿತು. ಕೈಗೆ ಬೇಡಿ ಹಾಕಿಸಿಕೊಂಡು ಹಾಲೇಶ ಬಂದ. ಹಾಸ್ಟೆಲ್ ಹುಡುಗರು ಬಾಗಿಲಲ್ಲಿ ಕಿಕ್ಕಿರಿದರು.

"ಮೇಷ್ಟ್ರ, ಏಟು ಬಿದ್ದಾಗ ಅಂವ ಎಲ್ಲಿ ಕುಂತಿದ್ದ?" ಅಕ್ಷೋಭ್ಯ ಕೇಳಿದ.

"ಎಷ್ಟು ಸಲ ಹೇಳ್ಬೇಕ್ರಿ? ಮೇಜಿನ ಆಚೆ. ಪೆನ್ ಕೈಯಾಗಿತ್ತು."

"ರಕ್ತ ಸಿಡದಿದ್ದು ಕಿಟಕಿ ಕೆಳಗ. ಅಂದ್ರ ಕೊಂದಿದ್ದು ಅಲ್ಲಿ, ನೆಲ ಒರಸಿ ಹೆಣ ತಂದು ಕುಂದ್ರಿಸಿದ್ದು ಇಲ್ಲಿ. ಇಲ್ಲಿ ಕೊಲ್ಲೋದು ಕಂಡೆ ಅಂದೋರ ಮಾತು ಸುಳ್ಳು. ಹೆಣದ ಕೈಯಾಗ ಪೆನ್ ಯಾಕ ಇಟ್ರು? ಕೆಂಪು ಗೆರಿ ಸಿಟ್ಟಿಗೆ ಹುಡುಗ ಕೊಂದ ಅಂತ ನಂಬಸಾಕ. ಕಾಟು ಹೊಡದದ್ದೂ ಅದಕ್ಕ. ಶೈಲಶ್ರೀ, ಹಾಲೇಶ, ಇಬ್ರೂ ಅವನ ಪಕ್ಕ ಕುಂತು ಕಲತೋರು. ಅಂವ ಪೆನ್ ಹಿಡಿಯೋನಲ್ಲ ಅಂತ ಅವರಿಗೆ ಗೊತ್ತು. ಅವರಾಗಿದ್ರ ಹಿಂಗ ಕುಂದ್ರಸ್ತಿದ್ದಿಲ್ಲ. ಬರಿಯಾಕ ಕಲಸೋದಂದ್ರ ಎದುರು ಕುಂತು ಕೆಂಪು ಗೆರಿ ಎಳಿಯೋದು ಅಂತ ತಿಳದೋರು ನೀವೊಬ್ರ. ಜೀವಮಾನಪೂರ್ತಿ ನೀವು ಮಾಡಿದ್ದು ಅದನ್ನ. ಕಮಿಟಿ ಮುಂದ ಅಂವ ಬಾಯಿ ಬಿಟ್ರ ನಿಮ್ಮ ಕಳ್ಳತನ ಹೊರಗ ಬೀಳ್ತಿತ್ತು. ಅವನ ಬಾಯೂ ಮುಚ್ಚಿದ್ರಿ, ದೂರು ಕೊಟ್ಟವನನ್ನೂ ಸಿಗಿಸಿದ್ರಿ."

ಮರುಳಸಿದ್ದಪ್ಪ ಕುರ್ಚಿಯನ್ನೇ ಎತ್ತಿ ಹಾಲೇಶನ ತಲೆಗೆ ಬೀಸಿದರು. "ನಾ ಕಲಿಸಿದ್ದು! ನಂದ ಅಧ್ಯಾಯ! ಆ ಸಿದ್ದಲಿಂಗೇಶ ನನ್ನ ಮ್ಯಾಲ ಸಾಕ್ಷಿ ಹೇಳ್ತಾನಂತ, ನಿನ್ನೆ ಮೊನ್ನಿ ಹುಡುಗ!" ಅಕ್ಕಿಮೂಟೆ ಎತ್ತಿ ಬೆಳೆದ ಕೈ ನನ್ನದು. ಏಟು ಬೀಳುವ ಮೊದಲೇ ಅವರನ್ನು ಹಿಡಿದು ಮೇಜಿಗೆ ಅಪ್ಪಳಿಸಿದೆ. ಮೂಗು ಮುರಿದ ಸದ್ದು ಕೇಳಿತು. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು.

ಇನ್ಸ್‌ಪೆಕ್ಟರ್ ಬೇಡಿ ಬಿಚ್ಚಿದರು. "ಹೋಗಪಾ, ನಿನ್ನ ಮ್ಯಾಲೆ ಇನ್ನೇನಿಲ್ಲ. ಮುಗೀತು."

ಶೈಲಶ್ರೀ ಅವನನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹಾಸ್ಟೆಲ್ ಹುಡುಗನೊಬ್ಬ ಮುಂದೆ ಬಂದು ಹಾಲೇಶನ ಕಾಲು ಹಿಡಿದ. "ತಪ್ಪಾತಲೇ. ಸಿದ್ದಣ್ಣನ ಮ್ಯಾಲಿನ ಪ್ರೀತಿಗೆ ಕೈ ಮಾಡಿದ್ವಿ."

ಹಾಲೇಶ ಕಾಲು ಬಿಡಿಸಿಕೊಂಡು, ಉಳಿದ ಒಂದು ಕಣ್ಣನ್ನು ಇನ್ಸ್‌ಪೆಕ್ಟರ್ ಕಡೆ ತಿರುಗಿಸಿದ.

"ಮುಗದಿಲ್ರಿ ಸಾಹೇಬ್ರ," ಎಂದ. "ಸಿದ್ದಣ್ಣನ್ನ ಕೊಂದಿದ್ದು ಒಬ್ರು. ನನ್ನ ಕಣ್ಣು ತಗದೋರು ಭಾಳ ಮಂದಿ ಅದಾರ. ಅವರ ಹೆಸರೂ ಬರಕೊಳ್ರಿ."

ಆಮೇಲೆ, ಕಾಲು ಹಿಡಿದವನ ಹೆಸರನ್ನೇ ಮೊದಲು ಹೇಳಿದ.